ಮನೆ ಸಾಲದ ಬಡ್ಡಿ ಕಡಿಮೆ ಮಾಡ್ರಿ ಅಂತ ಕೇಳಿದ್ರೆ ಮಾಡ್ತಾರಾ?

ಪ್ರಶ್ನೆ, ಬಳ್ಳಾರಿಯಿಂದ:
2018ರಲ್ಲಿ ಬ್ಯಾಂಕಿನಿಂದ ಮನೆ ಸಾಲ ತಗೊಂಡಿದ್ದೆ. ಇನ್ನೂ 20 ಲಕ್ಷ ಬಾಕಿ, 12 ವರ್ಷ ಕಟ್ಟಬೇಕು, ಬಡ್ಡಿ 9.3%. ಪಕ್ಕದ ಮನೆಯವರಿಗೆ ಹೊಸ ಸಾಲ 8%ಗೆ ಸಿಕ್ಕಿದೆ. ಹೋಗಿ ಕೇಳಿದ್ರೆ ಇಳಿಸ್ತಾರಾ, ನಕ್ಕು ಕಳಿಸ್ತಾರಾ? ಚಿನ್ನದ ಸಾಲ, ಇನ್ಶೂರೆನ್ಸ್ ಇಂಥದ್ರಲ್ಲಿ ಕೇಳಿ ಉಳಿಸಿದವರೂ ಹೇಳ್ರಿ.

ಬಳ್ಳಾರಿ, ಶಿಕ್ಷಕಿ:
ನಕ್ಕು ಕಳಿಸಲ್ಲ, ಆದ್ರೆ ಕೇಳೋವರೆಗೂ ತುಟಿ ಬಿಚ್ಚಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡೋ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯೋ) ಮನೆ ಸಾಲ ರೆಪೊ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ದರ) ತರದ ಹೊರಗಿನ ದರಕ್ಕೆ ಜೋಡಣೆ ಆಗಿರಬೇಕು. ನಿಮ್ದು ಅದಕ್ಕೂ ಹಿಂದಿನದು, ಇನ್ನೂ ಎಂಸಿಎಲ್‌ಆರ್ (ಬ್ಯಾಂಕು ತನ್ನ ಖರ್ಚು ನೋಡಿ ತಾನೇ ಗೊತ್ತುಮಾಡೋ ದರ) ಮೇಲೇ ಇರಬೇಕು. 2025ರ ಫೆಬ್ರುವರಿಯಿಂದ ಜೂನ್ ಒಳಗೆ ರೆಪೊ 6.5ರಿಂದ 5.5ಕ್ಕೆ ಇಳೀತು. ರೆಪೊ ಸಾಲದವರಿಗೆ ಅದು ಬೇಗ ತಲುಪ್ತು, ನಮ್ಮಂಥ ಹಳಬರಿಗೆ ಹನಿ ಹನಿ.

"ನನ್ನ ಸಾಲ ರೆಪೊಗೆ ಬದಲಾಯಿಸಿ" ಅಂತ ಅರ್ಜಿ ಹಿಡ್ಕೊಂಡು ಹೋದೆ. ಕೌಂಟರ್‌ನಲ್ಲಿದ್ದ ಹುಡುಗ "ಸಿಸ್ಟಮ್‌ನಲ್ಲಿ ಆಪ್ಷನ್ ಇಲ್ಲ ಮೇಡಂ" ಅಂದ. ಇನ್ನೊಂದು ಬ್ಯಾಂಕು ದರ ಬರೆದುಕೊಟ್ಟಿದ್ದ ಕಾಗದ ಮುಂದಿಟ್ಟೆ. ಒಳಗೆ ಹೋಗಿ ಬಂದ, ಅಷ್ಟರಲ್ಲಿ ಆಪ್ಷನ್ ಹುಟ್ಟಿತ್ತು! ಆಡಳಿತ ಖರ್ಚು ಅಂತ ಒಂದಿಷ್ಟು ಕಟ್ಟಿಸ್ಕೊಂಡ್ರು, ಅಷ್ಟೇ.

ನಿಮ್ಮ ಲೆಕ್ಕ ಹಾಕಿದೆ: 9.3ರಿಂದ 8ಕ್ಕೆ ಇಳಿದ್ರೆ ಇಎಂಐ 23,100ರ ಆಸುಪಾಸಿನಿಂದ 21,650ಕ್ಕೆ ಬರುತ್ತೆ. 12 ವರ್ಷಕ್ಕೆ 2 ಲಕ್ಷ ದಾಟುತ್ತೆ. ನಾನಂತೂ ಇಎಂಐ ಹಾಗೇ ಇಟ್ಟು ಅವಧಿ ಕಡಿಮೆ ಮಾಡಿಸ್ಕೊಂಡೆ.

ರಾಯಚೂರು, ನಿವೃತ್ತ ಬ್ಯಾಂಕ್ ನೌಕರ:
ಆ ಹುಡುಗನ್ನ ಬೈಬೇಡ್ರಿ ಮೇಡಂ, ಅವನ ಕೈಯಲ್ಲಿ ಏನೂ ಇರಲ್ಲ. ದರ ಇಳಿಸೋದು ಎಷ್ಟೋ ಸಲ ಮ್ಯಾನೇಜರ್ ಕೈಯಲ್ಲೂ ಇರಲ್ಲ, ಮೇಲಕ್ಕೆ ಕಳಿಸಬೇಕು. ಅದಕ್ಕೇ ಬಾಯಿಮಾತು ಬೇಡ, ಅರ್ಜಿ ಕೊಟ್ಟು ನಕಲಿನ ಮೇಲೆ ಸೀಲ್ ಹಾಕಿಸ್ಕೊಳ್ರಿ. ಹಳೇ ಸಾಲವನ್ನ ರೆಪೊಗೆ ಬದಲಾಯಿಸ್ಕೊಳ್ಳೋದು ಆರ್‌ಬಿಐ ಕೊಟ್ಟ ಹಕ್ಕು, ಅದಕ್ಕೆ ಗೋಗರೆಯೋದು ಬೇಕಿಲ್ಲ. ಹೌಸಿಂಗ್ ಫೈನಾನ್ಸ್ ಕಂಪನಿ ಸಾಲಕ್ಕೆ ಮಾತ್ರ ಈ ನಿಯಮ ಇಲ್ಲ, ಅಲ್ಲಿ ನಿಜವಾದ ಚೌಕಾಸಿನೇ ಮಾಡಬೇಕು. ಹೋಗೋ ಮುಂಚೆ ಸಿಬಿಲ್ ವರದಿ (ಸಾಲ ಹೇಗೆ ಕಟ್ಟಿದ್ದೀರಿ ಅನ್ನೋ ದಾಖಲೆ) ತೆಗೆಸಿ ನೋಡ್ರಿ, ವರ್ಷಕ್ಕೊಂದು ಪುಕ್ಕಟೆ.

ಸಾಲಾನೇ ಬೇರೆ ಬ್ಯಾಂಕಿಗೆ ಒಯ್ಯೋದು ಕೊನೇ ದಾರಿ. ಫ್ಲೋಟಿಂಗ್ ಮನೆ ಸಾಲ ಮುಂಚೆ ತೀರಿಸಿದ್ರೆ ದಂಡ ಇಲ್ಲ, ನಿಜ. ಆದ್ರೆ ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯ, ಸ್ಟಾಂಪ್ ಖರ್ಚು ಕೂಡಿಸಿ ನೋಡ್ರಿ. ಖಾತಾ ತೊಡಕಿರೋ ಸೈಟಾದ್ರೆ ಹೊಸ ಬ್ಯಾಂಕು ಮುಟ್ಟೋದೂ ಅನುಮಾನ. ಹಳೇ ಸಾಲ ತೀರಿ 30 ದಿನದೊಳಗೆ ಮೂಲ ಪತ್ರ ವಾಪಸ್ ಬರಬೇಕು. ತಡ ಬ್ಯಾಂಕಿನದೇ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಸಿಂಧನೂರು, ಭತ್ತದ ರೈತ:
ನಮ್ಮ ಕಡಿ ಬಂಗಾರ ಅಡ ಇಡಾಕ ಹೋದವ್ರು ಕೇಳೋದು ಒಂದೇ: "ಗ್ರಾಮಿಗೆ ಎಷ್ಟ ಕೊಡ್ತೀರಿ?" ಬಡ್ಡಿ ಕೇಳೋರು ಕಡಿಮಿ. ಒಂದೂವರಿ ರೂಪಾಯಿ ಬಡ್ಡಿ ಅಂದ್ರ ಹಗುರ ಅನಸ್ತೈತಿ, ವರ್ಷಕ್ಕ 18% ಅದು. ಬಿಡಿಸ್ಕೊಂಡು ಬ್ಯಾಂಕಿಗೆ ಒಯ್ತೀನಿ ಅಂದ ಕೂಡ್ಲೆ ಫೈನಾನ್ಸಿನವ "ಒಂದು ರೂಪಾಯಿಗೆ ಮಾಡೋಣ ತಗೋ ಅಣ್ಣ" ಅಂದ. ಮೊದ್ಲೇ ಯಾಕ ಅನ್ಲಿಲ್ಲೋ ಏನೋ. ಬಿಡಿಸ್ಕೊಂಡು ಒಯ್ದೇಬಿಟ್ಟೆ.

ಬೆಳೆಸಾಲದಾಗ ಚೌಕಾಸಿ ನಡೆಯೂದಿಲ್ಲ, ಅಲ್ಲಿ ತಾರೀಕ ಮುಖ್ಯ. ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್) ಸಾಲ 3 ಲಕ್ಷದ ತನಕ 7%, ಹೊತ್ತಿಗೆ ಕಟ್ಟಿದ್ರ 4% ಬೀಳ್ತೈತಿ. ಸೊಸೈಟಿಯಾಗ 5 ಲಕ್ಷದ ತನಕ ಬಡ್ಡೀನೇ ಇಲ್ಲ, ಅದೂ ಗಡುವಿನೊಳಗ ಕಟ್ಟಿದ್ರ.

ಕೊಪ್ಪಳದಿಂದ, ಕಾರ್ ಇನ್ಶೂರೆನ್ಸ್ ಬಗ್ಗೆ:
ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ಗೊತ್ತುಮಾಡಿದ್ದು, ಅಲ್ಲಿ ಬಾಯಿ ಖರ್ಚು ಮಾಡಬೇಡಿ. ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿಗೆ) ಭಾಗದಲ್ಲಿ ಕೇಳಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ರೆ ಸಿಗೋ ರಿಯಾಯಿತಿ) 20%ರಿಂದ 50%ರವರೆಗೆ ಏರುತ್ತೆ, ಕಂಪನಿ ಬದಲಾಯಿಸಿದ್ರೂ ನಿಮ್ಮ ಜೊತೆಗೇ ಬರುತ್ತೆ. ಕಡಿಮೆ ಮಾಡಿ ಅಂದ್ರೆ ಕೆಲವರು ಮೆಲ್ಲಗೆ ಐಡಿವಿ (ಪಾಲಿಸಿಯಲ್ಲಿ ಬರೆದ ಗಾಡಿ ಬೆಲೆ) ಇಳಿಸ್ತಾರೆ, ಹುಷಾರು. ಗಾಡಿ ಕಳುವಾದ್ರೆ ಸಿಗೋ ದುಡ್ಡಿಗೆ ಅದೇ ಲೆಕ್ಕ.

ಗಂಗಾವತಿ:
ಕಾರ್ಡಿನ ವಾರ್ಷಿಕ ಶುಲ್ಕ "ಬಂದ್ ಮಾಡ್ತೀನಿ" ಅಂದಿದ್ದಕ್ಕೆ ಮನ್ನಾ ಆಯ್ತು. ಲಾಕರ್ ಬಾಡಿಗೆ ಕೇಳಿದೆ, ಒಂದು ರೂಪಾಯಿನೂ ಬಿಡಲಿಲ್ಲ.

ಪ್ರಶ್ನೆ ಕೇಳಿದವರು:
ಅರ್ಜಿ ಕೊಟ್ಟು ತಿಂಗಳಾದ್ರೂ ಉತ್ತರ ಇಲ್ಲದಿದ್ರೆ?

ನಿವೃತ್ತ ಬ್ಯಾಂಕ್ ನೌಕರ:
ಅದನ್ನೇ ದೂರು ಅಂತ ಬ್ಯಾಂಕಿಗೆ ಬರೆದು ಕೊಡ್ರಿ. 30 ದಿನ ಕಳೆದ್ರೂ ಸುಮ್ಮನಿದ್ರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಹಾಕಿ, ಶುಲ್ಕ ಇಲ್ಲ, ವಿಚಾರಿಸೋಕೆ 14448. "ಪಕ್ಕದ ಮನೆಯವರಷ್ಟು ಇಳಿಸಲಿಲ್ಲ" ಅಂತ ಬರೆದ್ರೆ ನಿಲ್ಲಲ್ಲ. "ಬದಲಾವಣೆ ಅರ್ಜಿಗೆ ಉತ್ತರ ಕೊಟ್ಟಿಲ್ಲ" ಅಂತ ಬರೆದು, ಸೀಲ್ ಇರೋ ನಕಲು ಲಗತ್ತಿಸಿ.