‘ಕೋರ್‌ಲೆಸ್ ಮೋಟಾರು’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಪದಚರ್ಚೆಯ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ಉಡುಪಿಯ ಪ್ರೌಢಶಾಲಾ ಮಕ್ಕಳಿಗಾಗಿ ಮಾದರಿ ರೈಲುಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. 1:87 ಪ್ರಮಾಣದ ಎಂಜಿನ್ನುಗಳೊಳಗೆ ಬಳಸುವ ಮೋಟಾರುಗಳನ್ನು ಹೋಲಿಸುವ ಅಧ್ಯಾಯದಲ್ಲಿ ಕೆಲವು ಪದಗಳ ಬಳಿ ಬರವಣಿಗೆ ನಿಂತಿದೆ. ಆರ್ಮೇಚರ್ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ), ವೈಂಡಿಂಗ್, ಕಾರ್ಬನ್ ಬ್ರಶ್ ಎಂಬವು ನಮ್ಮ ಕಡೆಯ ಪಂಪು, ಮಿಕ್ಸಿ ರಿಪೇರಿಯವರ ಬಾಯಲ್ಲಿ ದಿನವೂ ಇರುವುದರಿಂದ ಅವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಆರ್ಮೇಚರೂ ಕಾಂತವೂ ಹೊರಗೆ ಕಾಣುವ ಹಳೆಯ ಬಗೆಗೆ ‘ತೆರೆದ ಮೋಟಾರು’ ಎಂದೂ, ಅವೆಲ್ಲ ಲೋಹದ ಕವಚದೊಳಗೆ ಅಡಗಿರುವ ಬಗೆಗೆ ‘ಡಬ್ಬಿ ಮೋಟಾರು’ ಎಂದೂ ಬರೆದಿದ್ದೇನೆ; ಇವುಗಳಲ್ಲಿ ಗೊಂದಲವಿಲ್ಲ.

ಗೊಂದಲವಿರುವುದು ಮೊದಲಿಗೆ ‘ಪೋಲ್’ ಎಂಬಲ್ಲಿ. ಇದನ್ನು ‘ಧ್ರುವ’ ಎಂದು ಮಾಡಿ ‘ತ್ರಿಧ್ರುವ ಮೋಟಾರು’, ‘ಪಂಚಧ್ರುವ ಮೋಟಾರು’ ಎಂದು ಬರೆದರೆ, ಉತ್ತರ ಮತ್ತು ದಕ್ಷಿಣ ಧ್ರುವಗಳು ಯಾವಾಗಲೂ ಜೋಡಿಯಾಗಿಯೇ ಇರುತ್ತವೆ ಎಂದು ಪಾಠದಲ್ಲಿ ಓದಿದ ಮಗು, ಮೂರು ಧ್ರುವ ಎಲ್ಲಿಂದ ಬಂತು ಎಂದು ಕೇಳುವುದು ನ್ಯಾಯವೇ ಆಗಿದೆ. ಇಲ್ಲಿ ಎಣಿಸುತ್ತಿರುವುದು ಕಾಂತದ ಧ್ರುವಗಳನ್ನಲ್ಲ, ತಂತಿ ಸುತ್ತಿದ ಆರ್ಮೇಚರಿನ ಕಬ್ಬಿಣದ ಕವಲುಗಳನ್ನು. ಎರಡೇ ಕವಲುಗಳಿದ್ದರೆ ಮೋಟಾರು ಕೆಲವು ಸ್ಥಾನಗಳಲ್ಲಿ ತಾನಾಗಿ ಹೊರಡಲಾರದು, ಆದ್ದರಿಂದ ಕನಿಷ್ಠ ಮೂರು ಬೇಕು. ಐದಿದ್ದರೆ ನಿಧಾನವಾಗಿ ಸಾಗುವಾಗಲೂ ಎಂಜಿನ್ನು ಕುಲುಕುವುದು ಕಡಿಮೆ. ‘ಹಲ್ಲು’ ಎಂದರೆ ಗಿಯರಿನ ಹಲ್ಲಿನೊಡನೆ ಬೆರೆತುಹೋಗುತ್ತದೆ. ‘ಮೂರು ತೋಳಿನ ಆರ್ಮೇಚರ್’ ಎಂಬುದು ನನಗೆ ಒಪ್ಪಿಗೆಯಾಗಿದೆ.

ನಿಜವಾದ ಕಗ್ಗಂಟು ‘ಕೋರ್‌ಲೆಸ್’, ಅಂದರೆ ಸುರುಳಿಗಳನ್ನು ಸುತ್ತಲು ನಡುವೆ ಕಬ್ಬಿಣದ ‘ಕೋರ್’ ಇಲ್ಲದ್ದು. ‘ತಿರುಳಿಲ್ಲದ ಮೋಟಾರು’ ಎಂಬುದು ತಟ್ಟನೆ ಹೊಳೆಯುವ ಪದ. ಆದರೆ ತಿರುಳಿಲ್ಲದ ಭಾಷಣ, ತಿರುಳಿಲ್ಲದ ವಾದ ಎಂದಾಗ ನಮ್ಮ ಮನಸ್ಸಿಗೆ ಬರುವುದು ಸತ್ವಹೀನತೆ. ಈ ಮೋಟಾರಾದರೋ ಸಾಮಾನ್ಯವಾಗಿ ಡಬ್ಬಿ ಮೋಟಾರಿಗಿಂತ ದುಬಾರಿಯಾದ, ತೀರ ನಯವಾಗಿ ತಿರುಗುವ, ಹಗುರವಾದ ಆರ್ಮೇಚರಿನಿಂದಾಗಿ ವೇಗದ ಬದಲಾವಣೆಗೆ ಬೇಗ ಸ್ಪಂದಿಸುವ ಬಗೆ. ಹೆಸರೇ ಅದನ್ನು ಕೀಳಾಗಿ ಕಾಣಿಸಬಾರದು. ಹಲಸಿನ ಹಣ್ಣಿನ ನಡುವಿನ ಭಾಗಕ್ಕೆ ನಮ್ಮ ಜಿಲ್ಲೆಯಲ್ಲಿ ಹೇಳುವ ‘ಗೂಂಜು’ ಎಂಬ ಪದವನ್ನೂ ತೂಗಿ ನೋಡಿದೆ. ತೊಳೆಗಳನ್ನು ಹಿಡಿದಿಡುವ ಗೂಂಜಿನಂತೆ ಕಬ್ಬಿಣವು ಸುರುಳಿಗಳನ್ನು ಹಿಡಿದಿಡುತ್ತದೆ ಎಂಬಷ್ಟರ ಮಟ್ಟಿಗೆ ಹೋಲಿಕೆ ಸೊಗಸಾಗಿದೆ. ಆದರೆ ‘ಗೂಂಜಿಲ್ಲದ ಮೋಟಾರು’ ಎಂದೊಡನೆ ಓದುಗನು ನಡುವೆ ಪೊಳ್ಳನ್ನು ಕಲ್ಪಿಸಿಕೊಳ್ಳುತ್ತಾನೆ, ಅದು ತಪ್ಪು. ತಾಮ್ರದ ತಂತಿಯನ್ನೇ ಅಂಟಿನಿಂದ ಗಟ್ಟಿಮಾಡಿ ಲೋಟದ ಆಕಾರಕ್ಕೆ ತಂದಿರುತ್ತಾರೆ, ಆ ಲೋಟದೊಳಗೆ ತಿರುಗದ ಕಾಂತವು ಕುಳಿತಿರುತ್ತದೆ, ಹೊರಗೆ ಉಕ್ಕಿನ ಕವಚವಿರುತ್ತದೆ. ಇಲ್ಲದಿರುವುದು ತಿರುಗುವ ಭಾಗದಲ್ಲಿನ ಕಬ್ಬಿಣ ಮಾತ್ರ.

ಹಾಗಾಗಿ ‘ಕಬ್ಬಿಣರಹಿತ ಸುರುಳಿಯ ಮೋಟಾರು’ ಎಂಬ ಉದ್ದವಾದ ಹೆಸರೇ ಸರಿಯೆಂದು ನನಗೆ ತೋರುತ್ತದೆ. ಅದರ ಗುಣವೂ ದೋಷವೂ ಈ ಹೆಸರಿನಿಂದಲೇ ತಿಳಿಯುತ್ತವೆ: ಕಾಂತವು ಸೆಳೆಯಲು ತೋಳುಗಳಿಲ್ಲದ್ದರಿಂದ ತಡೆಯಿಲ್ಲದೆ ತಿರುಗುತ್ತದೆ, ಬಿಸಿಯನ್ನು ಹೀರಿಕೊಳ್ಳಲು ಕಬ್ಬಿಣವಿಲ್ಲದ್ದರಿಂದ ಭಾರ ಹೆಚ್ಚಾದಾಗ, ಅಥವಾ ಕಡಿಮೆ ಆವರ್ತನದ ವಿದ್ಯುತ್ ಮಿಡಿತಗಳನ್ನು ಕೊಡುವ ಹಳೆಯ ವೇಗನಿಯಂತ್ರಕಕ್ಕೆ ಜೋಡಿಸಿದಾಗ ಬೇಗ ಕಾಯುತ್ತದೆ.

ಈಗ ಕೇಳಬೇಕಾದದ್ದು. ಮೂರು ತೋಳಿನ ಡಬ್ಬಿ ಮೋಟಾರಿನ ದಂಡವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ, ಒಂದು ಸುತ್ತಿನಲ್ಲಿ ಆರು ಕಡೆ ಅದು ಕಚ್ಚಿ ಹಿಡಿದು, ಮತ್ತೆ ಜಾರಿ ಮುಂದೆ ಹೋಗುತ್ತದೆ. ಐದು ತೋಳಿನದರಲ್ಲಿ ಹತ್ತು ಕಡೆ, ಆದರೆ ಹಿಡಿತ ಸಣ್ಣದು. ತೋಳುಗಳನ್ನು ಓರೆಯಾಗಿ ಜೋಡಿಸಿದರೆ ಇನ್ನೂ ಸಣ್ಣದು. ಇಂಗ್ಲಿಷಿನವರು ‘ಕಾಗಿಂಗ್’ ಎನ್ನುವ ಈ ಗುಣಕ್ಕೆ ನಾನು ಸದ್ಯಕ್ಕೆ ‘ಕಚ್ಚುಹಿಡಿತ’ ಎಂದು ಬರೆದಿದ್ದೇನೆ. ಕುಂದಾಪುರ, ಕಾರ್ಕಳ, ಪುತ್ತೂರುಗಳ ವೈಂಡಿಂಗ್ ಅಂಗಡಿಗಳಲ್ಲಿ ಕೈಯಾಡಿಸಿ ಬಲ್ಲವರು ಇದಕ್ಕೆ ತಮ್ಮ ಬಳಕೆಯ ಮಾತೊಂದಿದ್ದರೆ, ಅದು ಕನ್ನಡವಾಗಲಿ ತುಳುವಾಗಲಿ, ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬುದರೊಡನೆ ತಿಳಿಸಬೇಕಾಗಿ ವಿನಂತಿ.