ಕೆರೆ ಏರಿಯ ಕೆಳಗಿನ ವೀರಗಲ್ಲುಗಳನ್ನು ಎತ್ತಿ ಬೇರೆಡೆ ನಿಲ್ಲಿಸಬಹುದೇ?

ಪ್ರಶ್ನೆ: ಕಡೂರು ಸೀಮೆಯವನು

ಎಲ್ಲರಿಗೂ ನಮಸ್ಕಾರ. ನಮ್ಮೂರು ಕಡೂರಿಗೂ ಅರಸೀಕೆರೆಗೂ ನಡುವಣ ಬಯಲುಸೀಮೆಯಲ್ಲಿದೆ. ಊರ ಕೆರೆ ಏರಿಯ ಕೆಳಗೆ, ತೂಬಿನಿಂದ ನೂರು ಹೆಜ್ಜೆ ಆಚೆಗೆ, ಬಂಡಿದಾರಿಯ ಅಂಚಿನಲ್ಲಿ 11 ಕಲ್ಲುಗಳಿವೆ. ಅವುಗಳಲ್ಲಿ ಒಂಬತ್ತು ವೀರಗಲ್ಲುಗಳು. ಉಳಿದ ಎರಡರಲ್ಲಿ ಬಳೆ ತೊಟ್ಟ ಕೈಯೊಂದು ಕಂಬದಿಂದ ಹೊರಚಾಚಿ ಮೇಲಕ್ಕೆ ಮಡಿಚಿಕೊಂಡಿರುವುದರಿಂದ ಅವು ಮಾಸ್ತಿಕಲ್ಲುಗಳೆಂದು, ಅಂದರೆ ಗಂಡನ ಚಿತೆಯೇರಿದ ಹೆಂಗಸರ ನೆನಪಿನ ಕಲ್ಲುಗಳೆಂದು ತಿಳಿದಿದ್ದೇನೆ. ಮೂರು ಕಲ್ಲುಗಳಲ್ಲಿ ಅಕ್ಷರಗಳಿವೆ. ಆದರೆ ಸುಣ್ಣ, ಎಣ್ಣೆ, ಪಾಚಿ ಮೂರೂ ಸೇರಿ ಮುಚ್ಚಿರುವುದರಿಂದ ಓದಲಾಗುತ್ತಿಲ್ಲ. ಅಲ್ಲಿಂದ ಮುಂದಕ್ಕೆ ಊರಿನ ಹಳೆಯ ಸ್ಮಶಾನವಿದ್ದು, ಅದರ ಮೂಲೆಯ ಕತ್ತಾಳೆ ಮೆಳೆಯೊಳಗೆ ಇಂಗ್ಲಿಷ್ ಅಕ್ಷರಗಳಿರುವ ಗಾರೆಯ ಗೋರಿಯೊಂದಿದೆ. ಅದು ಯಾರದೆಂದು ಹೇಳುವವರು ಊರಿನಲ್ಲಿ ಉಳಿದಿಲ್ಲ. ‘ದೊರೆ ಗೋರಿ’ ಎಂಬ ಹೆಸರು ಮಾತ್ರ ಉಳಿದಿದೆ.

ಈಗ ಆ ಬಂಡಿದಾರಿಯನ್ನು ಅಗಲ ಮಾಡಿ ಡಾಂಬರು ಹಾಕುವ ಕೆಲಸ ಮಂಜೂರಾಗಿದೆ. ರಸ್ತೆ ನಮಗೆ ಬೇಕೇ ಬೇಕು. ಮಳೆಗಾಲದಲ್ಲಿ ಆ ದಾರಿಯಲ್ಲಿ ಶಾಲೆಯ ಮಕ್ಕಳು ನಡೆಯುವುದೇ ಕಷ್ಟ. ಕಲ್ಲುಗಳನ್ನು ಜೆಸಿಬಿಯಲ್ಲಿ ಎತ್ತಿಸಿ ಬಸವಣ್ಣನ ಗುಡಿಯ ಅಂಗಳಕ್ಕೆ ತಂದು, ಸಿಮೆಂಟಿನ ಕಟ್ಟೆ ಕಟ್ಟಿ, ಸಾಲಾಗಿ ನಿಲ್ಲಿಸಿ ಬಣ್ಣ ಹೊಡೆಸೋಣ ಎಂದು ಹಿರಿಯರು ಸಭೆಯಲ್ಲಿ ಹೇಳಿದರು. ಅವರ ಮಾತಿನಲ್ಲಿ ಭಕ್ತಿಯೇ ಇದೆ, ಅನಾದರವಿಲ್ಲ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಏಕೆ ಒಪ್ಪಿಗೆಯಾಗಲಿಲ್ಲ ಎಂದು ವಿವರಿಸುವಷ್ಟು ತಿಳಿವಳಿಕೆಯೂ ಇಲ್ಲದೆ ಸುಮ್ಮನಾದೆ. ಕೆಲಸ ಆರಂಭವಾಗಲು ಇನ್ನೂ ಎರಡು ತಿಂಗಳಿದೆ. ಅಷ್ಟರೊಳಗೆ ಏನು ಮಾಡಬೇಕು, ಯಾರನ್ನು ಕೇಳಬೇಕು, ಆ ಗೋರಿಯ ವಿಚಾರವನ್ನು ಹೇಗೆ ಹುಡುಕಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಬೇಲೂರಿನ ಶಾಸನಾಸಕ್ತ

ಮಾನ್ಯರೇ, ಮೊದಲು ನಿಮ್ಮ ಊರು ಅಚ್ಚಾದ ಶಾಸನ ಸಂಪುಟಗಳಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ 1901ರಲ್ಲಿ ಪ್ರಕಟವಾಯಿತು, ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂಬ ಹೆಸರಿದ್ದುದರಿಂದ ಸಂಪುಟದ ಮೇಲೂ ಅದೇ ಹೆಸರಿದೆ. ಹಾಸನ ಜಿಲ್ಲೆಯ ಐದನೆಯ ಸಂಪುಟ 1902ರದು. ಅವುಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ನಿಮ್ಮೂರು ಗಡಿಯಲ್ಲಿರುವುದರಿಂದ ಕಡೂರು, ಅರಸೀಕೆರೆ ಎರಡನ್ನೂ ಹುಡುಕಿ. ಊರ ಹೆಸರು ಹಳೆಯ ರೂಪದಲ್ಲಿರಬಹುದು, ಅಥವಾ ಕಲ್ಲುಗಳು ಪಕ್ಕದ ಬೇಚಿರಾಕ್ (ಜನವಸತಿಯಿಲ್ಲದ) ಗ್ರಾಮದ ಲೆಕ್ಕಕ್ಕೆ ಸೇರಿರಬಹುದು. ಅಲ್ಲಿ ಸಿಗದಿದ್ದರೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳನ್ನೂ ನೋಡಬೇಕು. ನೂರು ವರ್ಷಗಳ ಹಿಂದೆ ಓದಿದ ಪಾಠ ಸಿಕ್ಕಿದರೆ, ಇಂದು ಸವೆದುಹೋಗಿರುವ ಅಕ್ಷರಗಳೂ ನಿಮಗೆ ದೊರೆತಂತೆ.

ಇನ್ನು, ಕಲ್ಲನ್ನು ಕದಲಿಸುವ ವಿಚಾರ. ಒಂದು ಉದಾಹರಣೆಯಿಂದ ಹೇಳುತ್ತೇನೆ. ನಮ್ಮ ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು ಕ್ರಿ.ಶ. 450ರದು, ಆ ಊರಿನ ವೀರಭದ್ರ ದೇವಾಲಯದ ಎದುರಿಗೆ ಇತ್ತು. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದರು. ಮೂಲ ಕಲ್ಲು ಈಗ ಊರಿನಲ್ಲಿಲ್ಲ, ಅಲ್ಲಿರುವುದು ಅದರ ಪ್ರತಿಕೃತಿ. ಕಲ್ಲು ಊರು ಬಿಟ್ಟರೂ ಊರಿನೊಡನೆ ಅದರ ನಂಟು ಕಡಿಯಲಿಲ್ಲ, ಏಕೆಂದರೆ ಶಾಸನದೊಳಗೇ ‘ಪಲ್ಮಿಡಿ’ ಎಂಬ ಹೆಸರಿದೆ. ನಿಮ್ಮ ಒಂಬತ್ತು ವೀರಗಲ್ಲುಗಳಲ್ಲಿ ಆರಕ್ಕಾದರೂ ಅಕ್ಷರವೇ ಇಲ್ಲ ಎನ್ನುತ್ತೀರಿ. ಅವುಗಳ ಪಾಲಿಗೆ ನಿಂತ ಜಾಗವೇ ಶಾಸನ. ದನಗಳು ನೀರಿಗೆ ಬರುವ ಕೆರೆಯಂಗಳ, ಊರ ಗಡಿ, ಹಳೆಯ ದಾರಿ ಇವುಗಳ ಬಳಿ ಕಲ್ಲು ಏಕೆ ನಿಂತಿದೆ ಎಂಬುದರಿಂದಲೇ ಕಾಳಗ ಎಲ್ಲಿ, ಯಾವುದಕ್ಕಾಗಿ ನಡೆದಿರಬಹುದೆಂದು ಊಹಿಸಲು ಸಾಧ್ಯ. ಕಲ್ಲನ್ನು ಗುಡಿಯ ಅಂಗಳಕ್ಕೆ ಒಯ್ದರೆ ಆ ಊಹೆಗೆ ಇದ್ದ ಒಂದೇ ಆಧಾರವೂ ಹೋಗುತ್ತದೆ. ಹಾಗಾಗಿ ಕದಲಿಸಬೇಡಿ ಎಂಬುದೇ ನನ್ನ ಸಲಹೆ.

ಓದುವುದಕ್ಕಾಗಿ ಸೀಮೆಸುಣ್ಣ ತುಂಬುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಆಸಿಡ್ ಹಾಕುವುದು ಖಂಡಿತ ಬೇಡ. ಮೆತ್ತನೆಯ ಬ್ರಷ್ಷು ಮತ್ತು ಬರಿಯ ನೀರು ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೈಗೆ ಸವರುವಂತೆ ಹಿಡಿದು ಫೋಟೋ ತೆಗೆಯಿರಿ. ಹಗಲಿನಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ. ಕಾಗದದ ಪಡಿಯಚ್ಚು ತೆಗೆಯುವುದನ್ನು ಮಾತ್ರ ಅನುಭವವಿದ್ದವರಿಗೇ ಬಿಡಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದ್ದಾರೆ. ಆ ವಿಧಾನದಲ್ಲಿ ಕಲ್ಲಿಗೆ ಏನನ್ನೂ ಬಳಿಯಬೇಕಾಗಿಲ್ಲ.

ಉತ್ತರ: ಬಾಣಾವರದ ನಿವೃತ್ತ ಶಿಕ್ಷಕಿ

ಮೇಲಿನವರು ಹೇಳಿದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಕದಲಿಸಲೇಬಾರದು ಎಂಬ ಮಾತಿಗೆ ಮಾತ್ರ ನನ್ನದೊಂದು ತಕರಾರಿದೆ. ನನ್ನ ತವರೂರಿನಲ್ಲಿ ನಾಲ್ಕು ವೀರಗಲ್ಲುಗಳಿದ್ದವು. ನಾನು ಚಿಕ್ಕವಳಿದ್ದಾಗ ಅವುಗಳ ಮೇಲಿನ ಕುದುರೆಗಳನ್ನು ಎಣಿಸುತ್ತ ಶಾಲೆಗೆ ಹೋಗುತ್ತಿದ್ದೆ. ರಸ್ತೆಯ ಕೆಲಸ ಬಂದಾಗ ‘ಇದ್ದಲ್ಲೇ ಇರಲಿ’ ಎಂದು ಎಲ್ಲರೂ ಹೇಳಿದೆವು. ಹೇಳಿದ್ದಷ್ಟೇ, ಕೆಲಸ ನಡೆಯುವಾಗ ನಿಂತು ನೋಡಿಕೊಳ್ಳಲು ಯಾರೂ ಹೋಗಲಿಲ್ಲ. ಎರಡು ಕಲ್ಲುಗಳು ಮೋರಿಯ ತಳಕ್ಕೆ ಹೋದವು, ಒಂದು ಮಣ್ಣಿನಡಿ ಸೇರಿತು. ಉಳಿದ ಒಂದೇ ಒಂದಕ್ಕೆ ಈಗ ಪೂಜೆ ನಡೆಯುತ್ತಿದೆ. ಆದ್ದರಿಂದ, ಕಲ್ಲು ಉಳಿಯುವುದು ಸಾಧ್ಯವೇ ಇಲ್ಲ ಎಂದಾದಾಗ ನಾಲ್ಕೈದು ಮಾರು ಪಕ್ಕಕ್ಕೆ, ಅದೇ ದಿಕ್ಕಿಗೆ ಮುಖ ಮಾಡಿ, ಅದೇ ಅನುಕ್ರಮದಲ್ಲಿ ನಿಲ್ಲಿಸುವುದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಪ್ರತಿ ಕಲ್ಲಿಗೂ ಸಂಖ್ಯೆ ಕೊಟ್ಟು, ಎತ್ತರ, ಅಗಲ, ದಪ್ಪ, ಮುಖ ಮಾಡಿರುವ ದಿಕ್ಕು, ಒಂದರಿಂದ ಮತ್ತೊಂದಕ್ಕೆ ಇರುವ ದೂರ ಎಲ್ಲವನ್ನೂ ಬರೆದು ನಕ್ಷೆ ಮಾಡಿಕೊಳ್ಳಬೇಕು. ಮಣ್ಣಿನಲ್ಲಿ ಹೂತ ಭಾಗದಲ್ಲಿಯೂ ಸಾಲುಗಳಿರಬಹುದು. ಜೆಸಿಬಿಯ ಹಲ್ಲು ತಾಗುವುದು ಅಲ್ಲಿಗೇ.

ಊರ ಹಿರಿಯರನ್ನು ಒಪ್ಪಿಸಲು ಅವರಿಗೆ ಕಲ್ಲನ್ನು ಓದಿ ತೋರಿಸಿ. ಅಕ್ಷರವಿಲ್ಲದ ಕಲ್ಲನ್ನೂ ಓದಬಹುದು. ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ತೋಳು ಹಿಡಿದು ಒಯ್ಯುವ ದೃಶ್ಯ, ಮೇಲೆ ಲಿಂಗದ ಎದುರು ಅವನು ಕೈಮುಗಿದು ಕುಳಿತಿರುವುದು, ನೆತ್ತಿಯಲ್ಲಿ ಸೂರ್ಯಚಂದ್ರರು. ಕೆಳಗಿನ ಹಂತದಲ್ಲಿ ದನಗಳ ಸಾಲಿದ್ದರೆ ಅದು ತುರುಗೊಳ್ ಕಾಳಗ, ಅಂದರೆ ಹಿಡಿದೊಯ್ದ ದನಗಳನ್ನು ಬಿಡಿಸಿ ತರುವಾಗ ಸತ್ತವನ ಕಲ್ಲು. ಹುಲಿಯೋ ಹಂದಿಯೋ ಇದ್ದರೆ ಬೇಟೆಯದು. ಹೆಂಗಸರ ಮಾನ ಕಾಯಲು ಹೋರಾಡಿ ಸತ್ತದ್ದಕ್ಕೆ ‘ಪೆಣ್ಬುಯ್ಯಲ್’ ಎಂಬ ಮಾತೇ ಶಾಸನಗಳಲ್ಲಿದೆ. ಹಾಗೆ ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಡುತ್ತಿದ್ದರು. ಅದನ್ನು ನೆತ್ತರುಗೊಡಗೆ ಎನ್ನುತ್ತಿದ್ದರು. ಮಾಸ್ತಿಕಲ್ಲಿನ ಎತ್ತಿದ ಕೈಯಲ್ಲಿ ನಿಂಬೆಹಣ್ಣು ಇದೆಯೇ ಎಂದೂ ನೋಡಿ. ಗಂಡನ ಚಿತೆಯೇರಿದ ಆ ಹೆಣ್ಣುಮಕ್ಕಳ ಎದುರು ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚಾಗುತ್ತದೆ, ಆದರೆ ಅವರು ಬದುಕಿದ್ದರು ಎಂಬುದಕ್ಕೆ ಆ ಕಲ್ಲನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕುವರ ಲಕ್ಷ್ಮನ ಗರುಡಸ್ತಂಭವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಇಮ್ಮಡಿ ವೀರಬಲ್ಲಾಳನಿಗಾಗಿ ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ಕೊಟ್ಟವನ ಸ್ಮಾರಕ ಅದು. ಅವನು ಅರಸನ ಮಗನಂತೆ ಬೆಳೆದವನು, ಅವನಿಗೆ ಸ್ತಂಭ ನಿಂತಿತು. ನಿಮ್ಮೂರಿನವರು ಊರಿನ ದನಕ್ಕಾಗಿ ಸತ್ತ ರೈತಾಪಿ ಜನ. ಅವರದೂ ಅದೇ ತೂಕದ ಸಾವು.

ಬಣ್ಣದ ಬಗ್ಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಕೆಲವು ಕಲ್ಲುಗಳು ಬಳಪದ ಕಲ್ಲಿನವು, ಬಹಳ ಮೃದು. ಎನಾಮೆಲ್ ಬಣ್ಣ ಹೊಡೆದರೆ ಕೆತ್ತನೆಯ ಸೂಕ್ಷ್ಮವೆಲ್ಲ ತುಂಬಿಹೋಗುತ್ತದೆ. ಮುಂದೆ ಆ ಬಣ್ಣವನ್ನು ತೆಗೆಯಲು ಹೋದರೆ ಅದರೊಡನೆ ಕೆತ್ತನೆಯೂ ಏಳುತ್ತದೆ. ಪೂಜೆ ಮಾಡುವವರನ್ನು ತಡೆಯಬೇಡಿ. ಅರಿಸಿನ, ಕುಂಕುಮ, ಎಣ್ಣೆಗಳನ್ನು ಕಲ್ಲಿನ ಮುಂದೆ ಇಟ್ಟ ಬೇರೊಂದು ಪುಟ್ಟ ಕಲ್ಲಿಗೆ ಹಚ್ಚುವಂತೆ ಕೇಳಿಕೊಳ್ಳಿ. ನಾನು ಹೀಗೆ ಕೇಳಿದಾಗ ನಮ್ಮೂರಿನವರು ಬೇಸರಿಸದೆ ಒಪ್ಪಿದರು.

ಉತ್ತರ: ಸಕಲೇಶಪುರದಿಂದ

ದೊರೆ ಗೋರಿಯ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ನಮ್ಮ ಕಡೆಯ ಕಾಫಿ ತೋಟಗಳಲ್ಲಿ ಇಂಥ ಗೋರಿಗಳು ಇದ್ದು, ಮರದ ಬೇರುಗಳು ಅವುಗಳನ್ನು ಸೀಳುತ್ತವೆ. ನಿಮ್ಮಲ್ಲಿ ಕತ್ತಾಳೆ ಬೆಳೆದಿದೆ. ಅದನ್ನು ಕಿತ್ತು ಎಳೆಯಬೇಡಿ. ಬುಡದಲ್ಲಿ ಕತ್ತರಿಸಿ ಬೇರನ್ನು ಒಣಗಲು ಬಿಡಿ, ಇಲ್ಲವಾದರೆ ಗಾರೆಯೆಲ್ಲ ಅದರೊಂದಿಗೇ ಬರುತ್ತದೆ. ಒಡೆದ ಕಡೆ ಸಿಮೆಂಟು ಮೆತ್ತಬೇಡಿ. ಹಳೆಯ ಸುಣ್ಣದ ಗಾರೆ ತೇವವನ್ನು ಹೊರಕ್ಕೆ ಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಕಲ್ಲಿನಲ್ಲಿ ಕೊರೆದು ಸೀಸ ತುಂಬಿದ ಅಕ್ಷರಗಳಾಗಿದ್ದರೆ ಸೀಸ ಉದುರಿ ಹೋಗಿದ್ದರೂ ಅದನ್ನು ಕೂರಿಸಲು ತೋಡಿದ ಕುಳಿಗಳು ಉಳಿದಿರುತ್ತವೆ; ಕುಳಿಗಳ ಸಾಲನ್ನು ನೋಡಿ ಅಕ್ಷರವನ್ನು ಗುರುತಿಸಬಹುದು.

ಹೆಸರಿನ ಒಂದು ಭಾಗ ಮತ್ತು ವರ್ಷ ಸಿಕ್ಕಿದರೂ ಸಾಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ವಿಭಾಗದ ಶವಸಂಸ್ಕಾರದ ಪಟ್ಟಿಗಳಿವೆ. ಮೈಸೂರು ಸೀಮೆಯಲ್ಲಿ ತೀರಿಕೊಂಡವರನ್ನು ಅಲ್ಲಿಯೇ ಹುಡುಕುವುದು ವಾಡಿಕೆ. ದಕ್ಷಿಣ ಏಷ್ಯಾದ ಇಂಥ ಸ್ಮಶಾನಗಳಿಗಾಗಿಯೇ 1976ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಬಾಕ್ಸಾ ಎಂಬ ಸಂಘಕ್ಕೂ ಪತ್ರ ಬರೆಯಬಹುದು. ನಮ್ಮ ತೋಟದ ಪಕ್ಕದ ಗೋರಿಗಳಲ್ಲಿ ಒಂದು, ಹನ್ನೊಂದು ತಿಂಗಳ ಮಗುವಿನದು. ದೊರೆಗಳ ಗೋರಿ ನಮಗೇಕೆ ಎನ್ನುವವರನ್ನು ನಾನು ಆ ಗೋರಿಯ ಬಳಿಗೆ ಕರೆದುಕೊಂಡು ಹೋಗುತ್ತೇನೆ.

ಉತ್ತರ: ಭೂಮಾಪನದಲ್ಲಿ ಕೆಲಸ ಮಾಡಿದವನು

ಆ ಜಾಗದ ಸರ್ವೆ ನಂಬರನ್ನು ಗ್ರಾಮ ನಕ್ಷೆಯಲ್ಲಿಯೂ ಆಕಾರಬಂದಿನಲ್ಲಿಯೂ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿರುವ ದಾಖಲೆ) ನೋಡಿ. ಸ್ಮಶಾನ, ದಾರಿ, ಕೆರೆ ಮುಂತಾದವು ಸಾಮಾನ್ಯವಾಗಿ ‘ಬಿ’ ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಸೇರದ, ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗದಲ್ಲಿ ಇರುತ್ತವೆ. ದಾರಿಯ ಎದುರು ಬದಿಯೂ ಖರಾಬಾಗಿದ್ದರೆ ರಸ್ತೆಯನ್ನು ಅತ್ತ ಸರಿಸಲು ಯಾರ ಹೊಲವನ್ನೂ ಕೇಳಬೇಕಾಗಿಲ್ಲ, ಮತ್ತು ಇದನ್ನು ಅಂದಾಜುಪಟ್ಟಿ ಅಂತಿಮವಾಗುವ ಮುನ್ನವೇ ಹೇಳಬೇಕು. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ, ಅದರ ಪ್ರತಿಯನ್ನು ತಹಸೀಲ್ದಾರರಿಗೂ ರಾಜ್ಯದ ಪುರಾತತ್ವ ಇಲಾಖೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ನೂರು ಮೀಟರಿನೊಳಗೆ ಕಟ್ಟಡ ಕಟ್ಟಬಾರದೆಂಬ ನಿಷೇಧ ಕೇಂದ್ರದ ಸಂರಕ್ಷಿತ ಸ್ಮಾರಕಗಳಿಗೆ ಮಾತ್ರ ಅನ್ವಯಿಸುತ್ತದೆ. ಅದನ್ನು ಹೇಳಿ ಊರಿನವರನ್ನು ಹೆದರಿಸಬೇಡಿ, ಹೆದರಿದವರು ರಾತ್ರೋರಾತ್ರಿ ಕಲ್ಲನ್ನು ಸಾಗಿಸಿಬಿಡುತ್ತಾರೆ. ಆದರೆ ನೂರು ವರ್ಷಕ್ಕಿಂತ ಹಳೆಯ ಶಿಲ್ಪ ಮತ್ತು ಶಾಸನಗಳು 1972ರ ಕಾಯಿದೆಯಂತೆ ಪುರಾವಸ್ತುಗಳು. ನಿಧಿಯ ಆಸೆಗೆ ಬುಡ ಅಗೆಯುವವರಿಗೆ ಇದು ಗೊತ್ತಿರಲಿ.

ಮರುಉತ್ತರ: ಕಡೂರು ಸೀಮೆಯವನು

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳಲ್ಲಿ ಆದದ್ದನ್ನು ತಿಳಿಸುತ್ತೇನೆ. ದಾರಿಯ ಎದುರು ಬದಿಯಲ್ಲಿ ಎರಡು ಮಾರಿನಷ್ಟು ಖರಾಬು ಇರುವುದು ನಕ್ಷೆಯಲ್ಲಿ ಸಿಕ್ಕಿತು. ಗ್ರಾಮಸಭೆಯಲ್ಲಿ ಅದನ್ನು ತೋರಿಸಿದಾಗ ರಸ್ತೆಯನ್ನು ಅತ್ತ ಸರಿಸಲು ಒಪ್ಪಿಗೆಯಾಯಿತು. ನಿರ್ಣಯದ ಪ್ರತಿಯನ್ನು ಎರಡೂ ಕಡೆ ಕೊಟ್ಟು ಬಂದಿದ್ದೇನೆ. ಬಣ್ಣದ ಮಾತು ಸದ್ಯಕ್ಕೆ ನಿಂತಿದೆ. ಶಿಕ್ಷಕಿಯವರು ಹೇಳಿದಂತೆ ಹಿರಿಯರನ್ನು ಕರೆದೊಯ್ದು ಕಲ್ಲಿನಲ್ಲಿರುವ ದನಗಳ ಸಾಲನ್ನು ತೋರಿಸಿದೆ. ಮೊದಲು ಕಟ್ಟೆ ಕಟ್ಟೋಣ ಎಂದಿದ್ದ ಯಜಮಾನರೇ ಬಗ್ಗಿ, ಬೆರಳಿಟ್ಟು ಏಳು ದನಗಳನ್ನು ಎಣಿಸಿದರು.

ಅಳತೆ ಮಾಡುವಾಗ 12ನೆಯ ಕಲ್ಲೊಂದು ಸಿಕ್ಕಿದೆ. ತೂಬಿನ ಬಳಿ ಬಟ್ಟೆ ಒಗೆಯಲು ಹಾಕಿಕೊಂಡಿದ್ದ ಚಪ್ಪಡಿಯನ್ನು ನಾಲ್ಕು ಜನ ಸೇರಿ ಮಗುಚಿದಾಗ ಕೆಳಮುಖದಲ್ಲಿ ಕೆತ್ತನೆ ಸ್ವಲ್ಪವೂ ಸವೆಯದೆ ಉಳಿದಿತ್ತು. ರಾತ್ರಿ ಟಾರ್ಚು ಹಿಡಿದಾಗ ನಡುವಣ ಪಟ್ಟಿಕೆಯಲ್ಲಿ ‘ತುಱುವಂ ಮಗುಳ್ಚಿ’ (ದನಗಳನ್ನು ಮರಳಿಸಿ) ಎಂಬುದನ್ನು ನಾನೇ ಕೂಡಿಸಿ ಓದಿದೆ. ಅದಕ್ಕೂ ಮೊದಲು ‘ಗೌಡನ ಮಗ’ ಎಂದಿದೆ, ಆಮೇಲೆ ಎರಡು ಅಕ್ಷರಗಳಷ್ಟು ಜಾಗದಲ್ಲಿ ಕಲ್ಲಿನ ಚಕ್ಕೆ ಎದ್ದಿದೆ. ಅವನ ಹೆಸರು ಅಲ್ಲಿಯೇ ಇದ್ದಿರಬೇಕು. ಚಕ್ಕೆಯ ಅಂಚಿನಲ್ಲಿ ಒಂದು ಅಕ್ಷರದ ತಲೆಕಟ್ಟು ಉಳಿದಿದೆ. ನಾಲ್ಕು ದಿಕ್ಕಿನಿಂದ ಬೆಳಕು ಹಿಡಿದು ತೆಗೆದ ಚಿತ್ರಗಳನ್ನು ನಾಳೆ ಹಾಕುತ್ತೇನೆ, ಬೇಲೂರಿನವರು ದಯವಿಟ್ಟು ನೋಡಿ ಹೇಳಬೇಕು.