ಹಳೇ ಅಂಬಾಸಿಡರ್‌ಗೆ 2.5 ಲಕ್ಷ ಹಾಕಬಹುದಾ? ಇಟ್ಟುಕೊಂಡವರು ಹೇಳಿ

ಕೇಳಿದ್ದು, ಸಿಂಧನೂರಿನಿಂದ:
ಎಲ್ಲರಿಗೂ ನಮಸ್ಕಾರ. ಮಾನ್ವಿಯಲ್ಲಿ ನಮ್ಮ ಅಪ್ಪನ ಸ್ನೇಹಿತರ ಮನೆಯಲ್ಲಿ 1973ರ ಅಂಬಾಸಿಡರ್ ಮಾರ್ಕ್ 2 ಇದೆ. 2.5 ಲಕ್ಷ ಹೇಳುತ್ತಿದ್ದಾರೆ. ಡೀಸೆಲ್ ಎಂಜಿನ್ ಹಾಕಿಸಿದ್ದಾರೆ, ಚೆನ್ನಾಗಿ ಓಡುತ್ತದೆ. ಆರ್‌ಸಿ ಇನ್ನೂ ಅವರ ತಂದೆಯವರ ಹೆಸರಲ್ಲೇ ಇದೆ. ಅವರು ತೀರಿಕೊಂಡು ಒಂಬತ್ತು ವರ್ಷ ಆಯಿತು. ಭತ್ತ ಮಾರಿದ ದುಡ್ಡು ಕೈಯಲ್ಲಿದೆ. ಎಫ್‌ಡಿ ಇಡುವ ಬದಲು ಈ ಕಾರು ತಗೊಂಡು ಹತ್ತು ವರ್ಷ ಇಟ್ಟರೆ ಲಾಭ ಆಗುತ್ತದಾ? ಚಿಕ್ಕಂದಿನಿಂದ ಈ ಕಾರಿನ ಮೇಲೆ ಆಸೆ ಇದೆ, ಅದನ್ನೂ ಹೇಳಿಬಿಡುತ್ತೇನೆ.

ಬಳ್ಳಾರಿಯಿಂದ:
ತಮ್ಮಾ, ನನ್ನ ಲೆಕ್ಕ ಪೂರ್ತಿ ಬಿಚ್ಚಿ ಹೇಳುತ್ತೇನೆ. 2013ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ತಗೊಂಡೆ, 55 ಸಾವಿರಕ್ಕೆ. ಟಿಂಕರಿಂಗ್, ಪೇಂಟಿಂಗ್ ಸೇರಿ 90 ಸಾವಿರ. ಎಂಜಿನ್ ಬೋರ್ ಮಾಡಿಸಿದ್ದು 35 ಸಾವಿರ. ಬಂಪರ್‌ಗೆ ಕ್ರೋಮ್, ಸೀಟು, ಬಾಗಿಲಿನ ಬೀಡಿಂಗ್ ಇವಕ್ಕೆ 40 ಸಾವಿರ. ಆಮೇಲೆ ಬ್ಯಾಟರಿ, ಟೈರು, ಇನ್ಶೂರೆನ್ಸ್, ಸಣ್ಣಪುಟ್ಟ ರಿಪೇರಿ ಅಂತ ವರ್ಷಕ್ಕೆ 15 ಸಾವಿರ. ಹನ್ನೆರಡು ವರ್ಷಕ್ಕೆ ಅದೇ 1.8 ಲಕ್ಷ ಆಯಿತು. ಒಟ್ಟು 4 ಲಕ್ಷ.

ಹೋದ ವರ್ಷ ಬೆಂಗಳೂರಿನವರೊಬ್ಬರು ಬಂದು 3.25 ಲಕ್ಷಕ್ಕೆ ಕೇಳಿದರು. ಮನೆಯವರೆಲ್ಲ "55 ಸಾವಿರದ್ದು ಆರು ಪಟ್ಟು ಆಯಿತಲ್ಲ" ಅಂದರು. ಡೈರಿ ತೆಗೆದು ತೋರಿಸಿದೆ. 75 ಸಾವಿರ ಕೈಯಿಂದಲೇ ಹೋಗಿತ್ತು. ಶೆಡ್ ಕಟ್ಟಿಸಿದ್ದನ್ನು ನಾನು ಸೇರಿಸೇ ಇಲ್ಲ.

ನಿಮ್ಮದಕ್ಕೂ ಲೆಕ್ಕ ಹಾಕಿ. ಶೇ. 7ರ ಬಡ್ಡಿ ಸಿಕ್ಕರೆ 2.5 ಲಕ್ಷ ಹತ್ತು ವರ್ಷಕ್ಕೆ ಸುಮಾರು 4.9 ಲಕ್ಷ ಆಗುತ್ತದೆ. ಕಾರಿಗೆ ವರ್ಷಕ್ಕೆ 15 ಸಾವಿರ ಅಂದರೂ ಹತ್ತು ವರ್ಷಕ್ಕೆ 1.5 ಲಕ್ಷ. ಅಂದರೆ ಆ ಕಾರು 6.4 ಲಕ್ಷಕ್ಕೆ ಹೋದರೆ ಮಾತ್ರ ಎಫ್‌ಡಿಗೆ ಸಮ. ಹೋಗುತ್ತದಾ?

2022ರಲ್ಲಿ ಒಂದು ಮರ್ಸಿಡಿಸ್ 13.5 ಕೋಟಿ ಯೂರೋಗೆ ಹರಾಜಾದ ಸುದ್ದಿ ಎಲ್ಲರೂ ಓದಿದ್ದೇವೆ. ಅದು 1955ರದು, ಅಂಥವು ಜಗತ್ತಿನಲ್ಲಿ ಎರಡೇ ಇರುವುದು. ಅಂಬಾಸಿಡರ್ 1958ರಿಂದ 2014ರವರೆಗೆ ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ತಯಾರಾಗುತ್ತಲೇ ಇತ್ತು. ಎರಡಕ್ಕೂ ಒಂದೇ ತಕ್ಕಡಿ ಆಗಲ್ಲ.

ನನ್ನ ಪದ್ಮಿನಿ ಮಾತ್ರ ಕೊಡಲಿಲ್ಲ. ಮಗಳ ಮದುವೆ ಆದ ಮೇಲೆ ಅವಳನ್ನು ಅದರಲ್ಲೇ ಕಳಿಸಿಕೊಟ್ಟೆ. ಅದು ಬೇರೆ ಮಾತು.

ರಾಯಚೂರಿನಿಂದ, ಗ್ಯಾರೇಜ್ ಇಟ್ಟವನು:
ಮೇಲಿನ ಅಣ್ಣನ ಲೆಕ್ಕ ಸರಿ ಇದೆ. ಆದರೆ ನೀವು ಬರೆದಿದ್ದರಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಡೀಸೆಲ್ ಎಂಜಿನ್. 1973ರಲ್ಲಿ ಡೀಸೆಲ್ ಅಂಬಾಸಿಡರ್ ಬಂದೇ ಇರಲಿಲ್ಲ. ಆ ಕಾರಿಗೆ ಬಂದಿದ್ದು 1489 ಸಿಸಿ ಪೆಟ್ರೋಲ್ ಎಂಜಿನ್. ಬದಲಾಯಿಸಿದ್ದನ್ನು ಆರ್‌ಸಿಯಲ್ಲಿ ಬರೆಸಿದ್ದಾರಾ ಮೊದಲು ಕೇಳಿ.

ಇದು ಯಾಕೆ ಮುಖ್ಯ ಅಂದರೆ, 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತದೆ. ಫೀ 20 ಸಾವಿರ, ಹತ್ತು ವರ್ಷ ನಡೆಯುತ್ತದೆ. ನಿಮ್ಮ ಕಾರಿಗೆ ವಯಸ್ಸು ಆಗಿದೆ. ಆದರೆ ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ಡೀಸೆಲ್ ಕೂತಿದ್ದರೆ ಅಲ್ಲೇ ನಿಂತುಹೋಯಿತು. ಇನ್ನೊಂದು, ವಿಎ ಪ್ಲೇಟ್ ಹಾಕಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು, ಅಷ್ಟೇ.

ನೋಡಲು ಹೋಗುವಾಗ ಒಂದು ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಳ್ಳಿ, ಮೇಲೆ ತೆಳು ಬಟ್ಟೆ ಸುತ್ತಿ. ಬಾಗಿಲಿನ ಕೆಳಗೆ, ಚಕ್ರದ ಮೇಲೆ ಹಿಡಿಯಿರಿ. ಅಂಟದಿದ್ದರೆ ಅಲ್ಲಿ ತಗಡು ಇಲ್ಲ, ಪುಟ್ಟಿ ಮೆತ್ತಿದ್ದಾರೆ. ನೆಲದ ಮ್ಯಾಟ್ ಎತ್ತಿ ನೋಡಿ. ನಮ್ಮ ಒಣ ಹವೆಯಲ್ಲಿ ಕರಾವಳಿಯಷ್ಟು ತುಕ್ಕು ಹಿಡಿಯಲ್ಲ, ಅದೊಂದು ಪುಣ್ಯ. ಆದರೆ ಈ ಬಿಸಿಲಿಗೆ ರಬ್ಬರ್ ಯಾವುದೂ ಉಳಿಯಲ್ಲ. ಬೀಡಿಂಗ್, ಹೋಸ್ ಪೈಪು ಎಲ್ಲಾ ಸೀಳುತ್ತವೆ.

ಪೆಟ್ರೋಲಿಗೇ ವಾಪಸ್ ಹೋಗುವುದಾದರೆ ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ್ದು. ಹಳೇ ಕಾರ್ಬರೇಟರ್ ವಾಷರ್, ಪೈಪು ಅದಕ್ಕೆ ತಡೆಯಲ್ಲ. ಎಥನಾಲ್ ನೀರನ್ನೂ ಎಳೆಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕ್ ಒಳಗೆ ತುಕ್ಕು ಶುರು ಆಗುತ್ತದೆ.

ಗಂಗಾವತಿಯಿಂದ:
ನಾನು ಬರೀ ಇಲಿ ವಿಷಯ ಹೇಳುತ್ತೇನೆ. ನಮ್ಮದು ರೈಸ್ ಮಿಲ್ ಪಕ್ಕ ಮನೆ. ತಾಡಪತ್ರಿ ಹೊದಿಸಿ ನಿಲ್ಲಿಸಿದ ಕಾಂಟೆಸಾ ಕಾರಿನಲ್ಲಿ ಇಲಿಗಳು ಎರಡೇ ತಿಂಗಳಲ್ಲಿ ವೈರಿಂಗ್ ಪೂರ್ತಿ ಕಡಿದು ಹಾಕಿದ್ದವು. ಸೀಟಿನೊಳಗೆ ಮರಿ ಹಾಕಿದ್ದವು. ಸಿಂಧನೂರಲ್ಲೂ ಭತ್ತ ಜಾಸ್ತಿ, ನಿಮಗೆ ಹೇಳಬೇಕಿಲ್ಲ. ವಾರಕ್ಕೊಮ್ಮೆಯಾದರೂ ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ, ಒಂದು ಸುತ್ತು ಹೋಗಿ ಬನ್ನಿ.

ಕೊಪ್ಪಳದಿಂದ:
ನನ್ನ ಹತ್ತಿರ ಜೀಪ್ ಇದೆ. ಕಾಗದಕ್ಕೇ ನಾನು ಎರಡು ವರ್ಷ ಅಲೆದೆ. ಮಾಲೀಕರು ತೀರಿಕೊಂಡರೆ ವಾರಸುದಾರರು ಮೂರು ತಿಂಗಳೊಳಗೆ ಫಾರ್ಮ್ 31 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಒಂಬತ್ತು ವರ್ಷ ಸುಮ್ನೆ ಬಿಟ್ಟಿದ್ದಾರೆ ಅಂದರೆ ಅಕ್ಕತಂಗಿಯರು, ಅಣ್ಣತಮ್ಮಂದಿರು ಎಲ್ಲರ ಒಪ್ಪಿಗೆಯೂ ಬೇಕಾಗಬಹುದು. ಮೊದಲು ಅವರ ಹೆಸರಿಗೆ ಆಗಲಿ. ಆಮೇಲೆ ನೀವು ದುಡ್ಡು ಕೊಡಿ. ಅಡ್ವಾನ್ಸ್ ಕೂಡ ಬೇಡ.

ಐದು ವರ್ಷಕ್ಕೊಮ್ಮೆ ಮಾಡಿಸುವ ಆರ್‌ಸಿ ನವೀಕರಣದ ಅವಧಿ ಮುಗಿದಿದೆಯಾ ಅದನ್ನೂ ನೋಡಿ. 20 ವರ್ಷ ದಾಟಿದ ಕಾರಿಗೆ 2025ರಿಂದ ಫೀ 10 ಸಾವಿರ ಆಗಿದೆ.

ಒಂದು ಒಳ್ಳೇ ವಿಷಯವೂ ಇದೆ. ಸ್ವಂತ ಓಡಾಟಕ್ಕೆ ಇಟ್ಟ ಕಾರು ಮಾರಿ ಲಾಭ ಬಂದರೆ ಅದಕ್ಕೆ ಬಂಡವಾಳ ಲಾಭದ ತೆರಿಗೆ ಬೀಳಲ್ಲ. ಮಾರಲೆಂದೇ ಒಂದಾದ ಮೇಲೊಂದು ಕೊಂಡರೆ ಮಾತ್ರ ಅದು ವ್ಯಾಪಾರ ಆಗುತ್ತದೆ.

ಸಿಂಧನೂರಿನಿಂದ, ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭತ್ತದ ದುಡ್ಡಲ್ಲಿ 2 ಲಕ್ಷ ಎಫ್‌ಡಿ ಇಟ್ಟೆ. ಆಸೆ ಮಾತ್ರ ಹೋಗಿಲ್ಲ. ಇವತ್ತು ಮಾನ್ವಿಗೆ ಫೋನ್ ಮಾಡಿದ್ದೆ. ಹಳೇ ಪೆಟ್ರೋಲ್ ಎಂಜಿನ್ ಗುಜರಿಗೆ ಹಾಕಿಲ್ಲವಂತೆ, ಕೊಟ್ಟಿಗೆಯಲ್ಲೇ ಬಿದ್ದಿದೆಯಂತೆ. ಇದರಿಂದ ಏನಾದರೂ ವ್ಯತ್ಯಾಸ ಆಗುತ್ತದಾ?

ರಾಯಚೂರಿನಿಂದ:
ತುಂಬಾ ಆಗುತ್ತದೆ. ಅದರ ಮೇಲಿನ ನಂಬರ್ ಒರೆಸಿ ಫೋಟೋ ತೆಗೆಯಿರಿ, ಮೊದಲಿನ ಆರ್‌ಸಿಯಲ್ಲಿರುವ ನಂಬರಿಗೆ ಕೂಡುತ್ತದಾ ನೋಡಿ. ಕೂಡಿದರೆ ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿದೆಯಾ ಅಂತ ನಾನೇ ಒಂದು ಭಾನುವಾರ ಬಂದು ನೋಡುತ್ತೇನೆ. ಅಲ್ಲಿಯವರೆಗೆ ಬೆಲೆ ಮಾತಾಡಬೇಡಿ.